ಅಜ್ಜನ ಹೆಸರು ‘ತನಿಯ’: ಏನರ್ಥ, ಎಲ್ಲಿಂದ ಬಂತು?

ಡೊಂಬಿವಲಿ_ಪೂರ್ವ

ಎಲ್ಲರಿಗೂ ನಮಸ್ಕಾರ. ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಕಾಗದಪತ್ರ ಹುಡುಕುವಾಗ ಅಜ್ಜನ ಹಳೇ ಫೈಲು ಸಿಕ್ಕಿತು. ಅದರಲ್ಲಿ ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿಶಾಲೆಯ ಸರ್ಟಿಫಿಕೇಟ್ ಇದೆ. ಮಡಿಕೆ ಬಿದ್ದ ಕಡೆಯೆಲ್ಲ ಹರಿದಿದೆ. ಯಾರೋ ಟೇಪ್ ಅಂಟಿಸಿದ್ದಾರೆ, ಆ ಟೇಪೂ ಈಗ ಹಳದಿಯಾಗಿ ಗರಿಗರಿ ಆಗಿ ಏಳುತ್ತಿದೆ. ಹೆಸರಿನ ಜಾಗದಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದಾರೆ: ‘ತನಿಯ’. ಅಷ್ಟೇ, ಹಿಂದೆ ಮುಂದೆ ಏನೂ ಇಲ್ಲ. ಹುಟ್ಟಿದ ದಿನ 1-6-1931.

ಮುಂಬಯಿಯಲ್ಲಿ ನಮ್ಮ ಹೆಸರಿನ ನಡುವೆ ಅಪ್ಪನ ಹೆಸರು ಹಾಕುತ್ತಾರಲ್ಲ, ಹಾಗೆ ನಮ್ಮಪ್ಪನ ಹೆಸರಿನ ನಡುವೆ ಈ ಹೆಸರು ಕೂತಿದೆ. ಆದರೆ ‘ತಾನಿಯಾ’ ಆಗಿ. ಇಂಗ್ಲಿಷಿನಿಂದ ಮರಾಠಿಗೆ ಇಳಿಸಿದ ಯಾವನೋ ಗುಮಾಸ್ತ ಎಳೆದು ಬರೆದದ್ದು. ಆಫೀಸಿನಲ್ಲಿ ‘ಆಯೀಚಂ ನಾವ ಕಾ?’ (ತಾಯಿಯ ಹೆಸರಾ?) ಅಂತ ಕೇಳುತ್ತಿದ್ದರಂತೆ. ಕೇಳಿ ಕೇಳಿ ಸಾಕಾಗಿ ಅಪ್ಪ ಎಲ್ಲ ಕಡೆ ಬರೀ ‘ಟಿ.’ ಅಂತ ಬರೆಯತೊಡಗಿದರು. ಅರ್ಥ ಕೇಳಿದರೆ ‘ಹಳೇ ಕಾಲದ ಹೆಸರು, ಬಿಡು’ ಅನ್ನುತ್ತಾರೆ.

ಅಜ್ಜನ ಊರು ಬೆಳ್ತಂಗಡಿ ಕಡೆ. ನಾನು ಹುಟ್ಟುವ ಮೊದಲೇ ತೀರಿಕೊಂಡರು. ಅಮ್ಮ ಧಾರವಾಡದವರಾದ್ದರಿಂದ ಮನೆಯಲ್ಲಿ ಕನ್ನಡ. ತುಳು ನನಗೆ ಕೇಳಿದರೆ ಅರ್ಥ ಆಗುತ್ತದೆ, ಬಾಯಿ ಬರುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಹೆಣ್ಣುಮಕ್ಕಳ ಹೆಸರಿನ ಪಟ್ಟಿ ಬರುತ್ತದೆ, ‘ಯಕ್ಷಿಣಿಯರ ರಾಣಿ’ ಅಂತೆಲ್ಲ ಅರ್ಥ ಕೊಟ್ಟಿದ್ದಾರೆ. ಬಂದರಿನ ಡಾಕಿನಲ್ಲಿ ಮೂಟೆ ಹೊತ್ತ ಅಜ್ಜನಿಗೆ ಅದು ಹೊಂದುವುದಿಲ್ಲ. ಯಾರಿಗಾದರೂ ಗೊತ್ತಾ?

ಮಾಟುಂಗಾ_ಮೈಸೂರು

ಇದು ಅಚ್ಚ ಕನ್ನಡ ಕಣಮ್ಮ. ‘ತನಿ’ ಅಂದರೆ ಚೆನ್ನಾಗಿ ಕಳಿತದ್ದು. ತನಿವಣ್ಣು ಅಂತ ಹಳಗನ್ನಡದಲ್ಲೇ ಇದೆ. ಅದೂ ಅಲ್ಲದೆ ನಾಗರ ಚೌತಿಗೆ ಹುತ್ತಕ್ಕೆ ಹಾಲು ಹುಯ್ಯೋದನ್ನ ನಮ್ಮ ಕಡೆ ‘ತನಿ ಎರೆಯೋದು’ ಅಂತೀವಿ. ನಿಮ್ಮ ಜಿಲ್ಲೆಯಲ್ಲಿ ನಾಗನ ನಂಬಿಕೆ ಜಾಸ್ತಿ. ನಾಗನಿಗೆ ಹರಕೆ ಹೊತ್ತು ಹುಟ್ಟಿದ ಮಗು ಇರಬೇಕು. ನನಗಂತೂ ಅನುಮಾನ ಇಲ್ಲ.

ಠಾಣೆ_ಲೋಕಲ್

ಅನುಮಾನ ಇಲ್ಲ ಅನ್ನೋಕೆ ಏನಾದರೂ ಆಧಾರ ಬೇಕಲ್ವಾ ಸರ್? ಸದ್ದು ಹೊಂದಿದರೆ ಸಾಕು ಅನ್ನೋದಾದರೆ ನಾನೂ ಎರಡು ಕೊಡ್ತೀನಿ. ರಷ್ಯಾದಲ್ಲಿ ‘ತತಿಯಾನಾ’ ಹೆಸರಿನವರನ್ನ ಮುದ್ದಿಗೆ ‘ತಾನ್ಯಾ’ ಅಂತಾರೆ. ಅರಬ್ಬಿಯಲ್ಲಿ ‘ಥಾನಿಯಾ’ ಅಂದರೆ ಎರಡನೆಯದು. ಇವೆಲ್ಲ ಬೆಳ್ತಂಗಡಿಗೆ ಯಾವ ಬಸ್ಸು ಹತ್ತಿ ಬಂದವು ಅಂತ ಮಾತ್ರ ಕೇಳಬೇಡಿ.

ಪುಣೆ_ಎಣ್ಣೆಗಾಯಿ

ತಂಗೀ, ಒಂದೇ ಹೆಸರು ಹಿಡಕೊಂಡು ಕುಂತರೆ ಯಾವ ಅರ್ಥ ಬೇಕಾದರೂ ಹೊರಡುತ್ತದೆ. ಅಜ್ಜನ ಒಡಹುಟ್ಟಿದವರ ಹೆಸರು ಏನಿತ್ತು? ಅವರಪ್ಪನ ಹೆಸರು? ಹಳ್ಳಿಯಲ್ಲಿ ಒಂದು ಮನೆಯಲ್ಲಿ ಹೆಸರಿಡುವುದಕ್ಕೆ ಒಂದು ರೂಢಿ ಇರುತ್ತದೆ. ಮೂರು ನಾಲ್ಕು ಹೆಸರು ಒಟ್ಟಿಗೆ ಇಟ್ಟರೆ ಅದು ಕಾಣುತ್ತದೆ.

ನಮ್ಮ ಕಡೆಯದೇ ಹೇಳುತ್ತೇನೆ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ ಅಂತ ಕರೆಯುತ್ತಿದ್ದರು. ಯಮನಿಗೂ ಹೇಸಿಗೆ ಬರಲಿ ಅಂತ. ಮರಾಠಿಯಲ್ಲೂ ಇದೇ ಲೆಕ್ಕ: ದಗಡು, ಧೋಂಡು ಅಂದರೆ ಕಲ್ಲು, ಉಕಿರ್ಡಾ ಅಂದರೆ ತಿಪ್ಪೆ. ಅದು ಪ್ರೀತಿಗೆ ಇಟ್ಟ ಕೆಟ್ಟ ಹೆಸರು. ಆದರೆ ‘ನಕುಶಾ’ ಅಂತ ಇನ್ನೊಂದಿದೆ, ಬೇಡವಾದವಳು ಅಂತ. ಮತ್ತೆ ಹೆಣ್ಣು ಹುಟ್ಟಿತಲ್ಲ ಅನ್ನುವ ಸಿಟ್ಟಿಗೆ ಇಡುವುದು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 285 ಹುಡುಗಿಯರಿಗೆ ಒಂದೇ ದಿನ ಹೊಸ ಹೆಸರು ಇಟ್ಟರು. ಅವರವರೇ ಆರಿಸಿಕೊಂಡ ಹೆಸರು. ಹಾಗಾಗಿ ಮೊದಲು ಮನೆಯವರನ್ನು ಕೇಳು, ಡಿಕ್ಷನರಿ ಆಮೇಲೆ.

ಡೊಂಬಿವಲಿ_ಪೂರ್ವ

ಥ್ಯಾಂಕ್ಸ್ ಅಕ್ಕ. ಮೂಡುಬಿದಿರೆಯಲ್ಲಿ ಅಪ್ಪನ ಸೋದರತ್ತೆಯ ಮಗಳು ಇದ್ದಾರೆ. ಫೋನ್ ಮಾಡಿದೆ. ಅಜ್ಜನ ಅಪ್ಪನ ಹೆಸರು ಐತ. ಅಣ್ಣ ಅಂಗಾರ. ಒಬ್ಬಳೇ ತಂಗಿ, ಅವಳು ತುಕ್ರು. ಸರ್ಟಿಫಿಕೇಟಿನಲ್ಲೂ ತಂದೆಯ ಹೆಸರು ‘ಐತ’ ಅಂತಲೇ ಇದೆ. ಅತ್ತೆ ಇನ್ನೊಂದು ಮಾತು ಹೇಳಿದರು: ಊರಲ್ಲಿ ಅಜ್ಜನನ್ನು ‘ಕಿನ್ನಿ ತನಿಯೆ’ ಅನ್ನುತ್ತಿದ್ದರಂತೆ. ಪಕ್ಕದ ಮನೆಯಲ್ಲಿ ‘ಮಲ್ಲ ತನಿಯೆ’ ಅಂತ ಇನ್ನೊಬ್ಬರಿದ್ದರಂತೆ.

ವಿದ್ಯಾವಿಹಾರ್_ಮಾಮ

ಹಾಗಾದರೆ ಮುಗಿಯಿತು ಮಗಳೇ. ಐತ, ಅಂಗಾರ, ತುಕ್ರು, ತನಿಯ. ಇವೆಲ್ಲ ವಾರದ ಹೆಸರುಗಳು. ನಿನ್ನ ಅಜ್ಜ ಹುಟ್ಟಿದ್ದು ಶನಿವಾರ.

ತುಳುನಾಡಿನಲ್ಲಿ ಮಗು ಯಾವ ವಾರ ಹುಟ್ಟಿತೋ ಆ ವಾರವೇ ಹೆಸರು. ಆದಿತ್ಯವಾರ ಹುಟ್ಟಿದವನು ಐತ, ಸೋಮವಾರ ಸೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಹೆಣ್ಣಾದರೆ ತುಕ್ರನ ಜಾಗದಲ್ಲಿ ತುಕ್ರು. ತುಳುವಿನಲ್ಲಿ ಮಾತಾಡುವಾಗ ಕೊನೆ ಸ್ವಲ್ಪ ತೆರೆದುಕೊಳ್ಳುತ್ತದೆ, ಐತೆ, ತುಕ್ರೆ, ತನಿಯೆ ಅಂತ. ಕನ್ನಡ ಮೇಷ್ಟ್ರು ಬರೆಯುವಾಗ ತನಿಯ ಆಗುತ್ತದೆ. ಕಿನ್ನಿ ಅಂದರೆ ಸಣ್ಣ, ಮಲ್ಲ ಅಂದರೆ ದೊಡ್ಡ. ಇರುವುದು ಏಳೇ ಹೆಸರು, ಊರಲ್ಲಿ ಜನ ನೂರಾರು. ಒಂದೇ ಹೆಸರಿನವರು ಐದಾರು ಮಂದಿ ಸಿಕ್ಕೇ ಸಿಗುತ್ತಾರೆ. ಆಗ ಮನೆ ಹೆಸರೋ, ಎತ್ತರವೋ, ಮೈಬಣ್ಣವೋ ಮುಂದೆ ಸೇರುತ್ತದೆ.

ಅಂಗಾರ ಅಂದರೆ ಕೆಂಡ ಅಂದುಕೊಳ್ಳುವವರು ಇದ್ದಾರೆ. ಮುಂಬಯಿಯಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮಂಗಳವಾರ ಸಂಕಷ್ಟಿ ಬಂದರೆ ‘ಅಂಗಾರಕಿ’ ಅನ್ನುತ್ತಾರಲ್ಲ, ಪ್ರಭಾದೇವಿ ಸಿದ್ಧಿವಿನಾಯಕನ ಮುಂದೆ ರಾತ್ರಿಯಿಂದಲೇ ಲೈನು ಹಚ್ಚುತ್ತಾರಲ್ಲ, ಅದೇ ಅಂಗಾರಕ. ಮಂಗಳ ಗ್ರಹದ ಹೆಸರು. ಸುಳ್ಯದಿಂದ 1994ರಿಂದ ಸತತ ಆರು ಸಲ ಗೆದ್ದು 2021ರಲ್ಲಿ ಮಂತ್ರಿಯೂ ಆದ ಎಸ್. ಅಂಗಾರ ಅವರ ಹೆಸರೂ ಇದೇ.

ನಾನು ಇಲ್ಲಿಗೆ ಬಂದ ಹೊಸತರಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ಮೋರಿ ಹತ್ತಿರ ಲೋಟ ತೊಳೆಯುತ್ತಿದ್ದ ಹುಡುಗರಲ್ಲಿ ಐತ, ಗುರುವ, ತುಕ್ರ ಎಲ್ಲ ಇದ್ದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಯಜಮಾನರು ‘ಈ ಹೆಸರು ಗಿರಾಕಿ ಮುಂದೆ ಕೂಗಲಿಕ್ಕೆ ಆಗುವುದಿಲ್ಲ’ ಅಂತ ಐತನನ್ನು ಆನಂದ ಮಾಡಿದರು, ತುಕ್ರನನ್ನು ಸುಕುಮಾರ ಮಾಡಿದರು. ಆನಂದ ಮುಂದೆ ಅಂಧೇರಿಯಲ್ಲಿ ತನ್ನದೇ ಹೋಟೆಲ್ ಹಾಕಿದ. ಊರಿಗೆ ಹೋದರೆ ಈಗಲೂ ಐತಣ್ಣನೇ.

ಠಾಣೆ_ಲೋಕಲ್

ಮಾಮ, ನಾಲ್ಕೂ ಹೆಸರು ಕೂಡಿ ಬಂದದ್ದರಿಂದ ಒಪ್ಪಿದೆ. ಒಂದು ಸಂಶಯ. ತುಳುವಿನಲ್ಲಿ ವಾರಕ್ಕೆ ‘ಶನಿವಾರ’ ಅಂತಲೇ ಹೇಳೋದು ಕೇಳಿದ್ದೀನಿ. ವಾರ ‘ಶ’ದಲ್ಲಿ, ಮನುಷ್ಯ ಮಾತ್ರ ‘ತ’ದಲ್ಲಿ ಹೇಗೆ?

ವಾಶಿ_ಕಾಸರಗೋಡು

ಒಳ್ಳೇ ಪ್ರಶ್ನೆ. ‘ಸ’ ಮತ್ತು ‘ತ’ ಜಾಗ ಬದಲಾಯಿಸುವುದು ತುಳುವಿಗೆ ಹೊಸದಲ್ಲ. ಕನ್ನಡದಲ್ಲಿ ‘ಸಿಕ್ಕಿತು’, ತುಳುವಿನಲ್ಲಿ ‘ತಿಕ್ಕ್‌ಂಡ್’. ತುಳುವಿನೊಳಗೇ ನೋಡುವುದಕ್ಕೆ ಕೆಲವರು ‘ತೂಪಿನಿ’ ಅನ್ನುತ್ತಾರೆ, ಕೆಲವರು ‘ಸೂಪಿನಿ’ ಅನ್ನುತ್ತಾರೆ. ಊರು ಮತ್ತು ಜಾತಿ ನೋಡಿ ಬದಲಾಗುತ್ತದೆ. ಶುಕ್ರ ತುಕ್ರ ಆದದ್ದೂ ಶನಿ ತನಿಯ ಆದದ್ದೂ ಅದೇ ಬಾಯಲ್ಲಿ. ನಮ್ಮ ಕಾಸರಗೋಡು, ಪುತ್ತೂರು ಕಡೆ ಇನ್ನೊಂದು ರೂಪ ಇದೆ: ಚನಿಯ, ಚನಿಯಪ್ಪ. ಸೋಮ ಹೋಗಿ ಚೋಮ ಆದದ್ದೂ ಇದೇ ದಾರಿಯಲ್ಲಿ.

ಇನ್ನು ವಾರದ ಮಾತು. ಶನಿವಾರ ಅನ್ನುವುದನ್ನು ಪಂಚಾಂಗದವರು, ಶಾಲೆಯವರು, ಸಂತೆಯವರು ದಿನಾ ಹೇಳುತ್ತಾರೆ, ಹಾಗಾಗಿ ಅದು ತಿದ್ದಿಕೊಳ್ಳುತ್ತಾ ಹೋಗುತ್ತದೆ. ಗದ್ದೆಯಲ್ಲಿ ನಿಂತವನ ಹೆಸರನ್ನು ತಿದ್ದಲು ಯಾವ ಪಂಡಿತನೂ ಇಳಿದು ಬರಲಿಲ್ಲ. ಇದು ನನ್ನ ಅಭಿಪ್ರಾಯ, ಭಾಷಾಶಾಸ್ತ್ರ ಓದಿದವರು ಬೇರೆ ಹೇಳಬಹುದು.

ಮಾಟುಂಗಾ ಸರ್, ನಿಮ್ಮ ‘ತನಿ ಎರೆಯುವುದು’ ಸುಳ್ಳಲ್ಲ. ನಮ್ಮಲ್ಲೂ ನಾಗನಿಗೆ ‘ತನು’ ಹಾಕುತ್ತೇವೆ. ಆದರೆ ಅಪ್ಪ ಭಾನುವಾರ, ಅಣ್ಣ ಮಂಗಳವಾರ, ತಂಗಿ ಶುಕ್ರವಾರ ಆಗಿರುವ ಮನೆಯಲ್ಲಿ ಇವರೊಬ್ಬರು ಮಾತ್ರ ಹುತ್ತಕ್ಕೆ ಹೋಗುವುದು ಕಷ್ಟ.

ಮಾಟುಂಗಾ_ಮೈಸೂರು

ಒಪ್ಪಿದೆ ಸ್ವಾಮಿ. ತನಿವಣ್ಣು ಮಾತ್ರ ನನ್ನ ಪಾಲಿಗಿರಲಿ.

ಗೋರೆಗಾಂವ್_ತುಳುವೆ

ಎಲ್ಲರೂ ಚೆಂದ ಮಾತಾಡುತ್ತಿದ್ದೀರಿ, ಒಂದು ವಿಷಯ ಬಿಟ್ಟು. ಈ ಹೆಸರುಗಳು ಯಾರ ಮನೆಯಲ್ಲಿ ಇದ್ದವು? ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನುದಾರರ ಮನೆಯ ಮಗು ಶನಿವಾರ ಹುಟ್ಟಿದರೆ ಅವನಿಗೆ ಜಾತಕ ಇರುತ್ತಿತ್ತು, ಒಳ್ಳೆಯದೊಂದು ದೇವರ ಹೆಸರು ಇರುತ್ತಿತ್ತು. ಬರೀ ತನಿಯ, ಬರೀ ತುಕ್ರ, ಬರೀ ಐತ ಹೆಚ್ಚಾಗಿ ಇದ್ದದ್ದು ದಲಿತರ ಕೇರಿಯಲ್ಲಿ, ಬಡ ಒಕ್ಕಲುಗಳ ಮನೆಯಲ್ಲಿ. ಬಾಲಕ್ಕೆ ‘ಅಪ್ಪ’ ಸೇರಿಸಿ ಐತಪ್ಪ, ಗುರುವಪ್ಪ ಅಂದಾಗ ಮಾತ್ರ ಬಂಟರಲ್ಲಿ, ಬಿಲ್ಲವರಲ್ಲಿ, ಎಲ್ಲರಲ್ಲೂ ಸಿಗುತ್ತಾರೆ. ಆ ‘ಅಪ್ಪ’ ಸುಮ್ನೆ ಬಂದದ್ದಲ್ಲ. ನನ್ನ ಅಜ್ಜಿ ಹೇಳುತ್ತಿದ್ದರು, ಅವರ ಅಣ್ಣನಿಗೆ ಮನೆಯಲ್ಲಿ ಕೃಷ್ಣ ಅಂತ ಇಟ್ಟಾಗ ಧಣಿಗಳ ಮನೆಯಿಂದ ‘ಅದು ನಿಮಗೆ ಹೇಳಿದ ಹೆಸರಲ್ಲ’ ಅಂತ ಮಾತು ಬಂತಂತೆ. ಮರುದಿನದಿಂದ ಬೂದ. ಹಾಗಾಗಿ ಇವರಪ್ಪ ‘ಟಿ.’ ಅಂತ ಬರೆದದ್ದು ಬರೀ ಗುಮಾಸ್ತನ ತಪ್ಪಿನಿಂದ ಅಂತ ನನಗೆ ಅನಿಸುವುದಿಲ್ಲ. ‘ತಾಯಿಯ ಹೆಸರಾ’ ಅಂತ ಕೇಳುವ ಮರಾಠಿಯವರಿಗಿಂತ, ಹೆಸರು ಕೇಳಿದ ಕೂಡಲೇ ಜಾತಿ ಲೆಕ್ಕ ಹಾಕುವ ನಮ್ಮ ಊರವರ ಭಯ ಜಾಸ್ತಿ ಇದ್ದಿರಬೇಕು.

ಇದನ್ನೂ ನೆನಪಿಡಿ. ಇವತ್ತು ಕಾರಿನ ಹಿಂದೆ ‘ಸ್ವಾಮಿ ಕೊರಗಜ್ಜ’ ಅಂತ ಸ್ಟಿಕ್ಕರ್ ಹಚ್ಚುತ್ತಾರಲ್ಲ, ಪನ್ವೇಲಿನಿಂದ ವಿರಾರಿನವರೆಗೆ ಕಾಣುತ್ತದೆ. ತುಳುನಾಡಿನ ದೈವವಾದ ಆ ಅಜ್ಜ ಮನುಷ್ಯನಾಗಿ ಇದ್ದಾಗಿನ ಹೆಸರು ಏನು? ಕೊರಗ ತನಿಯ. ಕೊರಗ ಅನ್ನುವುದು ಅವನ ಸಮುದಾಯ. ತುಳುವಿನ ಪಾಡ್ದನ (ಹಾಡುಗತೆ) ಕೇಳಿದವರಿಗೆ ಗೊತ್ತು. ಅನಾಥ ಹುಡುಗನನ್ನು ಮೈರಕ್ಕೆ ಬೈದೆದಿ ಸಾಕಿದಳು. ದೇವಸ್ಥಾನಕ್ಕೆ ಏಳು ಆಳಿನ ಹೊರೆಯನ್ನು ಒಬ್ಬನೇ ಹೊತ್ತ. ಹೊರೆ ಒಳಗೆ ಹೋಯಿತು, ಅವನನ್ನು ಹೊರಗೇ ನಿಲ್ಲಿಸಿದರು. ಮಾದಳದ ಹಣ್ಣು ಕೀಳಲು ಹೋಗಿ ಮಾಯವಾದ. ಮಂಗಳೂರು ಹತ್ತಿರದ ಕುತ್ತಾರಿನ ಏಳು ಕಟ್ಟೆಗಳಲ್ಲಿ ಈಗ ಎಲ್ಲ ಜಾತಿಯವರೂ ಕೈಮುಗಿದು ವೀಳ್ಯದೆಲೆ, ಚಕ್ಕುಲಿ, ಕಳ್ಳು ಇಡುತ್ತಾರೆ. ಕಳೆದ ವಸ್ತು ಸಿಗಬೇಕಾದರೆ ತನಿಯ ಬೇಕು, ಮಗನಿಗೆ ಹೆಸರಿಡಲು ಮಾತ್ರ ಬೇಡ.

ಖಾರ್ಘರ್_ಶಿವಳ್ಳಿ

ಹೆಸರಿನ ಅರ್ಥ ಕೇಳಿದ್ದಕ್ಕೆ ಜಾತಿ ಯಾಕೆ ಎಳೆಯಬೇಕು? ಈಗ ಅದೆಲ್ಲ ಎಲ್ಲಿದೆ?

ವಿದ್ಯಾವಿಹಾರ್_ಮಾಮ

ಭಟ್ರೇ, ನಾನು ಹೋಟೆಲ್ ಕತೆ ಹೇಳಿದ್ದೂ ಅದನ್ನೇ, ಸ್ವಲ್ಪ ಮೆತ್ತಗೆ ಹೇಳಿದೆ ಅಷ್ಟೇ. ಗೋರೆಗಾಂವಿನವರು ಸರಿಯಾಗಿ ಹೇಳಿದ್ದಾರೆ. ಯಾರಿಗೆ ಯಾವ ಹೆಸರು ಸಿಗುತ್ತಿತ್ತು ಅನ್ನುವುದನ್ನು ಬಿಟ್ಟರೆ ಈ ಹೆಸರಿನ ಚರಿತ್ರೆಯಲ್ಲಿ ಉಳಿಯುವುದು ಪಂಚಾಂಗ ಮಾತ್ರ.

ಪುಣೆ_ಎಣ್ಣೆಗಾಯಿ

ನಾನು ಇನ್ನೊಂದು ಕಡೆಯಿಂದ ಬರುತ್ತೇನೆ. ನನಗೆ ಕೂತಲ್ಲಿ ಕ್ಯಾಲೆಂಡರ್ ಲೆಕ್ಕ ಮಾಡುವ ಚಟ. 1 ಜೂನ್ 1931 ಯಾವ ವಾರ ಅಂತ ನೋಡಿದೆ. ಸೋಮವಾರ! ತನಿಯ ಅಂದರೆ ಶನಿವಾರ. ಹಾಗಾದರೆ ಎರಡರಲ್ಲಿ ಒಂದು ಸುಳ್ಳು. ಯಾವುದು ಸುಳ್ಳು ಅಂತ ಹೇಳುವುದು ಕಷ್ಟವೇನಲ್ಲ. ಜೂನ್ ಒಂದು ನಮ್ಮ ದೇಶದ ಅರ್ಧ ಜನರ ಹುಟ್ಟುಹಬ್ಬ ಅಲ್ವಾ! ಶಾಲೆ ಜೂನಿನಲ್ಲಿ ಶುರು. ಹುಡುಗನನ್ನು ನಿಲ್ಲಿಸಿ ನೋಡಿ ಇಷ್ಟು ವಯಸ್ಸಿರಬಹುದು ಅಂತ ಮೇಷ್ಟ್ರು ಒಂದು ಇಸವಿ ಹಾಕುತ್ತಿದ್ದರು, ತಾರೀಕು ಮಾತ್ರ ಯಾವಾಗಲೂ 1-6. ನಮ್ಮಪ್ಪನದೂ ಅದೇ, ನಮ್ಮ ಮೂವರು ಕಾಕಾಗಳದೂ ಅದೇ. ಅಂದರೆ ಆ ಸರ್ಟಿಫಿಕೇಟಿನಲ್ಲಿ ಹುಟ್ಟಿನ ಬಗ್ಗೆ ನಂಬಬಹುದಾದ ಒಂದೇ ಸಂಗತಿ ಅವರ ಹೆಸರು.

ಪಶ್ಚಿಮ ಆಫ್ರಿಕಾದ ಘಾನಾದಲ್ಲೂ ವಾರದ ಹೆಸರು ಇಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 8 ಏಪ್ರಿಲ್ 1938, ಲೆಕ್ಕ ಹಾಕಿ ನೋಡಿ, ಶುಕ್ರವಾರ. ಅಲ್ಲಿಗೆ ಅವರು ನಿಮ್ಮ ತುಕ್ರಣ್ಣ. 1957ರಲ್ಲಿ ಘಾನಾಕ್ಕೆ ಸ್ವಾತಂತ್ರ್ಯ ತಂದ ಕ್ವಾಮೆ ಎನ್‌ಕ್ರುಮಾ ಅವರದು ನಿಮ್ಮ ಅಜ್ಜನದೇ ಕತೆ. ಬ್ಯಾಪ್ಟಿಸಮ್ ಮಾಡಿಸಿದ ಪಾದ್ರಿ ಬರೆದುಕೊಂಡ ಹುಟ್ಟಿದ ದಿನ 21 ಸೆಪ್ಟೆಂಬರ್ 1909. ಅದು ಮಂಗಳವಾರ! ಆದರೆ ಹೆಸರು ಕ್ವಾಮೆ. ತಾನು ಹುಟ್ಟಿದ್ದು ಶನಿವಾರ ಅನ್ನುವುದು ಖಚಿತ ಅಂತ ಅವರೇ ಹೇಳಿಕೊಂಡಿದ್ದಾರೆ. ಪಾದ್ರಿಯ ತಾರೀಕಿಗೆ ಹತ್ತಿರದ ಶನಿವಾರ ಅಂದರೆ 18. ಈಗ ಕೆಲವರು ಆ ತಾರೀಕನ್ನೇ ಬರೆಯುತ್ತಾರೆ.

ಅಷ್ಟು ದೂರ ಹೋಗುವುದೂ ಬೇಡ. ಝಾರ್ಖಂಡಿನಲ್ಲಿ ಎತ್ವಾ, ಸೋಮ್ರಾ, ಮಂಗ್ರಾ, ಬುಧುವಾ, ಸುಕ್ರಾ ಅಂತ ಇದ್ದಾರೆ. ಎತ್ವಾ ಮತ್ತು ಐತ ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಆದಿತ್ಯನದೇ. ಬಿರ್ಸಾ ಮುಂಡಾ ಅವರ ಹೆಸರು ಗುರುವಾರದಿಂದ ಬಂದದ್ದು ಅನ್ನುತ್ತಾರೆ. ಎಲ್ಲ ಕಡೆ ಕೊಡುವ ಜನ್ಮದಿನ 15 ನವೆಂಬರ್ 1875 ಮಾತ್ರ ಸೋಮವಾರ ಬೀಳುತ್ತದೆ. ನಮ್ಮ ಕರ್ಜತ್ ಕಡೆಯ ಆದಿವಾಸಿ ಪಾಡಾಗಳಿಗೆ (ಕೇರಿಗಳಿಗೆ) ಹೋದರೂ ಬುಧ್ಯಾ, ಮಂಗಳ್ಯಾ, ಸೋಮ್ಯಾ ಸಿಗುತ್ತಾರೆ. ಯಾರ ಹತ್ತಿರ ಕ್ಯಾಲೆಂಡರ್ ಇರಲಿಲ್ಲವೋ ಅವರೇ ವಾರವನ್ನು ಇಷ್ಟು ಗಟ್ಟಿಯಾಗಿ ಹಿಡಿದಿಟ್ಟರು ನೋಡಿ.

ವಾಶಿ_ಕಾಸರಗೋಡು

ಅಕ್ಕ, ವಾರ ಗೊತ್ತಾಗಲು ಕ್ಯಾಲೆಂಡರ್ ಯಾಕೆ, ಸಂತೆ ಇದ್ದರೆ ಸಾಕು. ಸಂತೆಯ ಮರುದಿನ ಹುಟ್ಟಿದ, ಸಂತೆಗೆ ಎರಡು ದಿನ ಇರುವಾಗ ಹುಟ್ಟಿದ ಅಂತ ಈಗಲೂ ಹೇಳುವವರು ಇದ್ದಾರೆ.

ಡೊಂಬಿವಲಿ_ಪೂರ್ವ

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಅತ್ತೆಗೆ ಮತ್ತೆ ಫೋನ್ ಮಾಡಿ ‘ಶನಿವಾರ ಹುಟ್ಟಿದ್ದಾ’ ಅಂದೆ. ‘ಅದನ್ನೇನು ಕೇಳುತ್ತೀ, ಹೆಸರೇ ಹೇಳುತ್ತದಲ್ಲ’ ಅಂತ ನಕ್ಕರು. ಆಟಿ ತಿಂಗಳಿನಲ್ಲಿ ಹುಟ್ಟಿದ್ದಂತೆ. ಜೋರು ಮಳೆ, ಮನೆಯಲ್ಲಿ ಅಕ್ಕಿ ಮುಗಿದಿತ್ತು ಅಂತ ಅವರ ಅಮ್ಮ ಹೇಳುತ್ತಿದ್ದರಂತೆ. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅಲ್ಲಿಗೆ ಜೂನ್ ಒಂದು ಪೂರ್ತಿ ಬಿದ್ದುಹೋಯಿತು.

ಗೋರೆಗಾಂವಿನವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಲೋ ಬೇಡವೋ ಅಂತ ಯೋಚಿಸಿ ಕೊನೆಗೆ ಫೋನನ್ನೇ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ‘ಈ ಗೋರೆಗಾಂವ್ ಯಾರು?’ ಅಂತ ಕೇಳಿದರು. ಆಮೇಲೆ ‘ನಾನು ನಾಲ್ಕನೇ ಕ್ಲಾಸಿನಲ್ಲಿ ಇದ್ದಾಗ ಒಬ್ಬ ಊರಿನವನು ಅಪ್ಪನ ಹೆಸರು ಕೇಳಿ, ನೀರಿನ ಲೋಟ ಕೊಡುವವನು ಕೈ ಹಿಂದೆ ತೆಗೆದ. ಅದೂ ಮುಂಬಯಿಯಲ್ಲಿ’ ಅಂದರು. ಇದನ್ನು ಇಲ್ಲಿಯವರೆಗೆ ಅಮ್ಮನಿಗೂ ಹೇಳಿರಲಿಲ್ಲ. ಖಾರ್ಘರ್‌ನವರು ‘ಈಗ ಎಲ್ಲಿದೆ’ ಅಂತ ಕೇಳಿದ್ದರಲ್ಲ, ಅವರಿಗಾಗಿ ಬರೆದೆ.

ಈಗ ಒಂದು ವ್ಯಾವಹಾರಿಕ ಪ್ರಶ್ನೆ. ಅಪ್ಪನ ಕಾಗದಗಳಲ್ಲಿ ‘ತಾನಿಯಾ’ ಇರುವುದನ್ನು ‘ತನಿಯ’ ಅಂತ ತಿದ್ದಿಸಬಹುದಾ? ಹೊಸ ಫ್ಲ್ಯಾಟಿನ ಅಗ್ರಿಮೆಂಟ್ ಆಗುವ ಮೊದಲು?

ಠಾಣೆ_ಲೋಕಲ್

ಇದು ನನ್ನ ದಿನನಿತ್ಯದ ಕೆಲಸ. ತಿದ್ದಿಸಬಹುದು. ರಾಜ್ಯ ಸರ್ಕಾರದ ಗೆಜೆಟ್‌ನಲ್ಲಿ ಹಾಕಿಸಬೇಕು. ಮೊದಲು ಚರ್ನಿ ರೋಡಿನ ಸರ್ಕಾರಿ ಮುದ್ರಣಾಲಯಕ್ಕೆ ಅಲೆಯಬೇಕಿತ್ತು, ಈಗ ಅರ್ಜಿ ಆನ್‌ಲೈನ್. ಆದರೆ ಅಗ್ರಿಮೆಂಟಿಗೆ ಮೊದಲು ಮಾತ್ರ ಬೇಡ. ಸೊಸೈಟಿ ಷೇರ್ ಸರ್ಟಿಫಿಕೇಟ್, ಆಧಾರ್, ಪ್ಯಾನ್ ಎಲ್ಲದರಲ್ಲೂ ಒಂದೇ ಸ್ಪೆಲ್ಲಿಂಗ್ ಇದ್ದರೆ ಈಗ ಮುಟ್ಟಬೇಡಿ. ಒಂದರಲ್ಲಿ ಬದಲಾಗಿ ಇನ್ನೊಂದರಲ್ಲಿ ಹಳೆಯದು ಉಳಿದರೆ ಬಿಲ್ಡರ್‌ನ ವಕೀಲರಿಗೆ ಹಬ್ಬ. ರಿಜಿಸ್ಟ್ರೇಷನ್ ಮುಗಿಯಲಿ, ಆಮೇಲೆ ನಿಧಾನಕ್ಕೆ ಮಾಡಿಸಿ. ಇಂಗ್ಲಿಷಿನಲ್ಲಿ ಹೇಗೆ ಬರೆದರೂ ಮರಾಠಿಯವರು ಮತ್ತೆ ಎಳೆಯುತ್ತಾರೆ, ಅದಕ್ಕೆ ಅರ್ಜಿಯಲ್ಲಿ ದೇವನಾಗರಿ ಹೆಸರನ್ನು ನೀವೇ ಟೈಪ್ ಮಾಡಿ, ಏಜೆಂಟ್ ಕೈಗೆ ಬಿಡಬೇಡಿ. ರಾತ್ರಿಶಾಲೆಯ ಸರ್ಟಿಫಿಕೇಟನ್ನು ಒಳ್ಳೇ ಸ್ಕ್ಯಾನ್ ಮಾಡಿಸಿಡಿ. ಆ ಟೇಪ್ ಕೀಳಲು ಹೋಗಬೇಡಿ, ಅಕ್ಷರವೂ ಎದ್ದು ಬರುತ್ತದೆ.

ಗೋರೆಗಾಂವ್_ತುಳುವೆ

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ಒಮ್ಮೆ ಮನೆಗೆ ಬರುತ್ತೇನೆ.

ಪುಣೆ_ಎಣ್ಣೆಗಾಯಿ

ಈ ಸಾಲಿನಲ್ಲೇ ನನ್ನದೂ ಒಂದು ಇದೆ. ನಮ್ಮ ಮುತ್ತಜ್ಜನ ಹೆಸರು ಫಕೀರಪ್ಪ. ನಾವು ಲಿಂಗಾಯತರು, ಊರು ಗದಗ ಜಿಲ್ಲೆ. ಶಿರಹಟ್ಟಿ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆತನ, ಅದು ಗೊತ್ತು. ಆದರೆ ಅವರ ತಮ್ಮನ ಹೆಸರು ಹುಸೇನಪ್ಪ. ಇದು ಮಠದ ದಾರಿಯಲ್ಲಿ ಬಂತೋ ಮೊಹರಂ ಹರಕೆಯ ದಾರಿಯಲ್ಲಿ ಬಂತೋ?

ವಿದ್ಯಾವಿಹಾರ್_ಮಾಮ

ನಿಮ್ಮ ಮಾತನ್ನೇ ನಿಮಗೆ ಹೇಳುತ್ತೇನೆ: ಉಳಿದವರ ಹೆಸರು ಬರೆಯಿರಿ. ಹೊಸ ಥ್ರೆಡ್ ತೆರೆದು ಹಾಕಿ, ಇಲ್ಲಿ ಹಾಕಿದರೆ ಯಾರೂ ನೋಡುವುದಿಲ್ಲ.